ಆಗಮನ ಕಾಲದಲ್ಲಿ ದೇವರ ಯೋಜನೆಗೆ ಮೊದಲ ಜಾಗ ಕೊಡುವುದು ಹೇಗೆ?

ನವೆಂಬರ್ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಮಗನನ್ನು ಗಲ್ಫಿಗೆ ಕಳಿಸುವುದೋ, ತೋಟ ನೋಡಿಕೊಳ್ಳಲು ಊರಲ್ಲೇ ನಿಲ್ಲಿಸುವುದೋ? ದೇವರ ಇಚ್ಛೆ ಯಾವುದು ಅಂತ ತಿಳಿಯುವುದು ಹೇಗೆ? ಜನವರಿಗೆ ಮದುವೆ ಗೊತ್ತಾಗಿದೆ, ಈಗ ಪ್ರಾರ್ಥನೆ ಮಾಡಿದರೆ ಸಾಕಾ? ಆಗಮನ ಕಾಲದಲ್ಲಿ ಏನಾದರೂ ಒಳ್ಳೆಯದು ಮಾಡಬೇಕು ಅಂತ ಮನಸ್ಸಿದೆ, ಆದರೆ ಅಡಿಕೆ ಕೊಯ್ಲು, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ತಯಾರಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು ಇದರಲ್ಲೇ ದಿನ ಮುಗಿಯುತ್ತದೆ, ಏನು ಮಾಡಲಿ?

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ನಾವು ಮೊದಲು ಎಲ್ಲವನ್ನೂ ತೀರ್ಮಾನ ಮಾಡುತ್ತೇವೆ. ಆಮೇಲೆ ಅದನ್ನು ದೇವರ ಮುಂದೆ ಇಟ್ಟು ಆಶೀರ್ವಾದ ಬೇಡುತ್ತೇವೆ. ಈ ಕ್ರಮ ಹಿಂದುಮುಂದಾಗಬೇಕು. ಕೇಳುವುದು ಮೊದಲು, ತೀರ್ಮಾನ ಆಮೇಲೆ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ.

ಮೊದಲು ದಿನಾಂಕ ನೋಡಿಕೊಳ್ಳಿ

ಆಗಮನ ಕಾಲ ಎಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಸಿದ್ಧತೆಯ ಕಾಲ. ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಅದು ಶುರುವಾಗುತ್ತದೆ. 2026ರಲ್ಲಿ ನವೆಂಬರ್ 29, 2027ರಲ್ಲಿ ನವೆಂಬರ್ 28. ಕ್ರಿಸ್ಮಸ್ ಯಾವ ವಾರ ಬೀಳುತ್ತದೆ ಎಂಬುದರ ಮೇಲೆ ಇದು 22 ದಿನ ಇರಬಹುದು, 28 ದಿನವೂ ಇರಬಹುದು. ಡಿಸೆಂಬರ್ 16ರವರೆಗಿನ ಓದುಗಳು ಹೆಚ್ಚಾಗಿ ಕ್ರಿಸ್ತರು ಮತ್ತೆ ಬರುವುದರ ಬಗ್ಗೆ ಹೇಳುತ್ತವೆ. 17ರಿಂದ 24ರವರೆಗೆ ಗಮನ ಬೆತ್ಲೆಹೇಮಿನ ಕಡೆ ತಿರುಗುತ್ತದೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ. ಮೂರನೇ ಭಾನುವಾರ ಗುಲಾಬಿ ಬಣ್ಣವೂ ಉಂಟು.

ಬೇಳ, ಕಯ್ಯಾರು, ವರ್ಕಾಡಿಯಂಥ ನಮ್ಮ ಇಗರ್ಜಿಗಳು ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಆದ್ದರಿಂದ ಪಂಚಾಂಗವನ್ನು ನಿಮ್ಮ ಇಗರ್ಜಿಯಿಂದಲೇ ತೆಗೆದುಕೊಳ್ಳಿ. ಪಕ್ಕದ ಮನೆಯ ಮಲಯಾಳಿ ಸಿರೋ ಮಲಬಾರ್ (ಪೂರ್ವ ವಿಧಿಯ ಕ್ಯಾಥೊಲಿಕ್) ಕುಟುಂಬ ಡಿಸೆಂಬರ್ 1ರಿಂದ 25 ದಿನಗಳ ನೋಂಬು (ಉಪವಾಸ ವ್ರತ) ಹಿಡಿಯುತ್ತಿದ್ದರೆ ಗೊಂದಲ ಬೇಡ. ಅವರ ಪಂಚಾಂಗ ಬೇರೆ, ಕಾಯುವುದು ಒಬ್ಬರನ್ನೇ. ಅವರು ಮಾಂಸ ಬಿಡುವುದನ್ನು ನೋಡಿ ನಿಮಗೂ ಬಿಡಬೇಕು ಅನಿಸಿದರೆ ಸಂತೋಷದಿಂದ ಬಿಡಿ.

ಬೇಕಾಗುವ ವಸ್ತುಗಳು

ಒಂದು ಬೈಬಲ್. ಒಂದು ಸಾದಾ ನೋಟುಪುಸ್ತಕ. ದಿನಕ್ಕೆ ಕಾಲು ಗಂಟೆ. ಮುಚ್ಚುಮರೆ ಇಲ್ಲದೆ ಮಾತಾಡಬಹುದಾದ ಒಬ್ಬ ವ್ಯಕ್ತಿ. ಇಷ್ಟೇ. ಕಾಲು ಗಂಟೆ ಯಾವಾಗ ಎಂದು ಈಗಲೇ ಗೊತ್ತು ಮಾಡಿ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದ ಕೂಡಲೇ ಎಲ್ಲರೂ ಅಲ್ಲೇ ಕುಳಿತಿರುತ್ತೀರಲ್ಲ, ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದು ಕಷ್ಟ.

ಹಂತ 1: ನಿಮ್ಮ ಯೋಜನೆಗಳನ್ನು ಪೂರ್ತಿ ಬರೆಯಿರಿ

ಮೊದಲ ಭಾನುವಾರಕ್ಕೆ ಮುಂಚೆ ಇದು ಮುಗಿಯಬೇಕು. ಕ್ರಿಸ್ಮಸ್ ತನಕ ಏನೇನು ಮಾಡಬೇಕು ಅಂತಿದ್ದೀರೋ ಬರೆಯಿರಿ. ನಂತರದ ಆರು ತಿಂಗಳದ್ದೂ ಬರೆಯಿರಿ. ಮನೆಯ ಮಾಡು, ಸಾಲ, ಮಗಳ ನರ್ಸಿಂಗ್ ಕೋರ್ಸ್, ರಜೆಗೆ ಬರುವವರ ಟಿಕೆಟ್, ತಮ್ಮನ ಜೊತೆಗಿನ ಜಾಗದ ತಕರಾರು. ಕೊನೆಯದನ್ನು ಬಿಡಬೇಡಿ. ಯಾರ ಮೇಲಿನ ಕೋಪಕ್ಕೆ ಏನು ಮಾಡಬೇಕು ಅಂತಿದ್ದೀರಿ ಎಂಬುದೂ ಒಂದು ಯೋಜನೆಯೇ.

ಈಗ ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ. ಇದು ನನ್ನ ಕರ್ತವ್ಯವಾ? ನನ್ನ ಆಸೆಯಾ? ಅಥವಾ ಜನ ಏನೆಂದುಕೊಳ್ಳುತ್ತಾರೋ ಎಂಬ ಭಯವಾ? ಆಸೆ ತಪ್ಪೇನೂ ಅಲ್ಲ. ಆದರೆ ಭಯದ ಗುರುತು ಬಿದ್ದ ಸಾಲುಗಳನ್ನು ಚೆನ್ನಾಗಿ ನೋಡಿ. ನಮ್ಮ ಕಡೆ ಆಗಮನ ಕಾಲದಲ್ಲಿ ಮದುವೆ ಇಡುವ ವಾಡಿಕೆ ಇಲ್ಲ. ಹಾಗಾಗಿ ಜನವರಿಯ ಮದುವೆಗಳ ಓಡಾಟವೆಲ್ಲ ಇದೇ ದಿನಗಳಲ್ಲಿ. ಹಾಲ್ ಎಷ್ಟು ದೊಡ್ಡದು, ಊಟಕ್ಕೆ ಎಷ್ಟು ಬಗೆ ಎಂದು ತೀರ್ಮಾನ ಮಾಡುವಾಗ ಯಾವ ಗುರುತು ಹಾಕಬೇಕಾಗುತ್ತದೆ ಎಂದು ನೀವೇ ನೋಡಿ.

ಎಚ್ಚರಿಕೆ: ಪಟ್ಟಿಯನ್ನು ಮೊದಲೇ ಭಕ್ತಿಯಿಂದ ಶುದ್ಧ ಮಾಡಿ ಬರೆಯಬೇಡಿ. ನಿಜವಾಗಿ ಇರುವುದನ್ನು ಬರೆಯದಿದ್ದರೆ ಮುಂದಿನ ಹಂತಗಳಿಂದ ಪ್ರಯೋಜನ ಇಲ್ಲ.

ಹಂತ 2: ಯೋಜನೆ ಬದಲಾದವರ ಕಥೆ ಓದಿ

ವಾರಕ್ಕೆ ಒಂದು ಕಥೆ ಸಾಕು. ಅದನ್ನೇ ದಿನಾ ಓದಿ. ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ದೇವರು ಮಾತಾಡುವ ಮುಂಚೆ ಈ ಮನುಷ್ಯನ ಯೋಜನೆ ಏನಿತ್ತು?

ಮೊದಲ ವಾರ ಜಕರೀಯ (ಲೂಕ 1:5-25). ಮಗುವಿಗಾಗಿ ಬೇಡಿಕೊಂಡಿದ್ದವರು. ವಯಸ್ಸಾಯಿತು, ಆಸೆ ಬಿಟ್ಟರು. ಪ್ರಾರ್ಥನೆ ಈಡೇರುತ್ತದೆ ಎಂದು ದೇವದೂತ ಹೇಳಿದಾಗ ನಂಬಲು ಆಗಲಿಲ್ಲ. ಮಗು ಹುಟ್ಟಿ ಹೆಸರಿಡುವ ತನಕ ಮಾತು ನಿಂತಿತು. ಆ ಮೌನವನ್ನು ನಾನು ಬರೀ ಶಿಕ್ಷೆ ಅಂತ ಓದುವುದಿಲ್ಲ. ಮಾತು ಮರಳಿದಾಗ ಜಕರೀಯನ ಬಾಯಿಂದ ಮೊದಲು ಬಂದದ್ದು ದೇವರ ಸ್ತುತಿ.

ಎರಡನೇ ವಾರ ಮರಿಯಮ್ಮ (ಲೂಕ 1:26-38). ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬಕ್ಕೂ ಇದೇ ಶುಭಸಂದೇಶ. ಅಮಲೋದ್ಭವ ಎಂದರೆ ಮರಿಯಮ್ಮ ತಮ್ಮ ತಾಯಿಯ ಗರ್ಭದಲ್ಲಿ ರೂಪುಗೊಂಡ ಕ್ಷಣದಿಂದಲೇ ಪಾಪದ ಸೋಂಕಿಲ್ಲದವರು ಎಂಬ ವಿಶ್ವಾಸ. ಇಲ್ಲಿ ಗಮನಿಸಬೇಕಾದದ್ದು ಅವರು ಕೇಳಿದ ಪ್ರಶ್ನೆ. ನಿನಗೆ ಮಗ ಹುಟ್ಟುತ್ತಾನೆ ಎಂದು ಗಬ್ರಿಯೇಲ ದೂತ ಹೇಳಿದಾಗ, ಇದು ಹೇಗಾಗುತ್ತದೆ ಎಂದು ಕೇಳಿದರು. ದೇವರಿಗೆ ಒಪ್ಪಿಕೊಳ್ಳುವವರು ಪ್ರಶ್ನೆ ಕೇಳಬಾರದು ಎಂದು ನಮ್ಮಲ್ಲಿ ಹಲವರು ಅಂದುಕೊಂಡಿದ್ದಾರೆ. ಮರಿಯಮ್ಮ ಕೇಳಿದರು, ಉತ್ತರ ಸಿಕ್ಕಿತು, ಆಮೇಲೆ "ನಿಮ್ಮ ಮಾತಿನಂತೆ ನನಗಾಗಲಿ" ಅಂದರು. ನೀವೂ ಕೇಳಬಹುದು.

ಮೂರನೇ ವಾರ ಜೋಸೆಫ್ (ಮತ್ತಾಯ 1:18-25). ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಜೋಸೆಫರ ಯೋಜನೆ ಕೆಟ್ಟದ್ದಾಗಿರಲಿಲ್ಲ. ನಿಶ್ಚಿತಾರ್ಥವಾಗಿದ್ದ ಮರಿಯಮ್ಮ ಗರ್ಭಿಣಿ ಎಂದು ತಿಳಿದಾಗ, ಅವರಿಗೆ ಅವಮಾನ ಆಗಬಾರದು ಎಂದು ಗುಟ್ಟಾಗಿ ಬಿಟ್ಟುಬಿಡಲು ತೀರ್ಮಾನಿಸಿದ್ದರು. ಒಬ್ಬ ಸಭ್ಯ ಮನುಷ್ಯ ಯೋಚಿಸಿ ಮಾಡಿದ ತೀರ್ಮಾನ ಅದು. ಆದರೂ ದೇವರ ಯೋಜನೆ ಬೇರೆ ಇತ್ತು. ಕೆಟ್ಟ ಯೋಜನೆ ಬಿಡಬೇಕು ಎಂದು ಯಾರೂ ನಮಗೆ ಕಲಿಸಬೇಕಿಲ್ಲ. ಒಳ್ಳೆಯ ಯೋಜನೆ ಬಿಡುವುದೇ ಕಷ್ಟ. "ನಾನು ಇದನ್ನು ಮನೆಯವರಿಗಾಗಿ ತಾನೇ ಮಾಡುತ್ತಿರುವುದು?" ಎಂಬ ಮಾತು ಬಾಯಿಗೆ ಬಂದಾಗ ಜೋಸೆಫರನ್ನು ನೆನಪಿಸಿಕೊಳ್ಳಿ. ಇನ್ನೊಂದು ವಿಷಯ. ಶುಭಸಂದೇಶಗಳಲ್ಲಿ ಜೋಸೆಫರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ನಿದ್ದೆಯಿಂದ ಎದ್ದರು, ಮರಿಯಮ್ಮನನ್ನು ಸ್ವೀಕರಿಸು ಎಂದು ಕನಸಿನಲ್ಲಿ ದೇವದೂತ ಹೇಳಿದ್ದನ್ನು ಮಾಡಿದರು.

ನಾಲ್ಕನೇ ವಾರ ಅರಸ ದಾವೀದ (2 ಸಮುವೇಲ 7). ಭಾನುವಾರದ ಓದುಗಳು ಎ, ಬಿ, ಸಿ ಎಂದು ಮೂರು ವರ್ಷಗಳ ಸರಣಿಯಲ್ಲಿ ಸುತ್ತುತ್ತವೆ. 2026ರ ಆಗಮನ ಕಾಲದಿಂದ ಬಿ ವರ್ಷ. ಆ ವರ್ಷ ನಾಲ್ಕನೇ ಭಾನುವಾರ, ಅಂದರೆ ಡಿಸೆಂಬರ್ 20ರಂದು, ಇದೇ ಓದು ಬರುತ್ತದೆ. ನನಗೆ ದೇವದಾರು ಮರದ ಅರಮನೆ ಉಂಟು, ದೇವರ ಮಂಜೂಷ (ಆಜ್ಞೆಗಳ ಪವಿತ್ರ ಪೆಟ್ಟಿಗೆ) ಗುಡಾರದಲ್ಲಿದೆ, ದೇವರಿಗೊಂದು ಮನೆ ಕಟ್ಟಬೇಕು ಎಂದು ದಾವೀದ ಯೋಚಿಸುತ್ತಾನೆ. ಪ್ರವಾದಿ ನಾತಾನನನ್ನು ಕೇಳುತ್ತಾನೆ. ಮಾಡು, ದೇವರು ನಿನ್ನ ಜೊತೆಗಿದ್ದಾರೆ ಎಂದು ನಾತಾನ ಕೂಡಲೇ ಹೇಳಿಬಿಡುತ್ತಾನೆ. ಅದೇ ರಾತ್ರಿ ದೇವರು ನಾತಾನನಿಗೆ ಬೇರೆಯೇ ಮಾತು ಹೇಳುತ್ತಾರೆ. ನೀನು ನನಗೆ ಮನೆ ಕಟ್ಟುವುದು ಬೇಡ, ನಾನೇ ನಿನಗೆ ವಂಶವೆಂಬ ಮನೆ ಕಟ್ಟುತ್ತೇನೆ.

ಇದರಲ್ಲಿ ನಮಗೆ ದೊಡ್ಡ ಪಾಠ ಉಂಟು. ಪ್ರವಾದಿಯೇ ಪ್ರಾರ್ಥಿಸದೆ ಹೂಂ ಅಂದುಬಿಟ್ಟ! ಇಗರ್ಜಿಗೆ ಸಂಬಂಧಪಟ್ಟ ಕೆಲಸ ಎಂದಮಾತ್ರಕ್ಕೆ ಅದು ದೇವರ ಯೋಜನೆ ಆಗಿಬಿಡುವುದಿಲ್ಲ. ಹೊಸ ಗ್ರೊಟ್ಟೊ (ಮರಿಯಮ್ಮನ ಗವಿ) ಕಟ್ಟಿಸುವ ಆಸೆ ಇರುವವರು, ವಾಡೊದ (ಇಗರ್ಜಿಯ ವಾರ್ಡಿನ) ಕ್ಯಾರಲ್ ಸ್ಪರ್ಧೆ ಗೆಲ್ಲಲೇಬೇಕು ಎಂದು ಓಡಾಡುವವರು ಈ ಅಧ್ಯಾಯವನ್ನು ಎರಡು ಸಲ ಓದಬೇಕು.

ಹಂತ 3: ಪ್ರಾರ್ಥನೆಯ ಕ್ರಮ ಬದಲಿಸಿ

ಪಟ್ಟಿಯಿಂದ ದಿನಕ್ಕೊಂದು ಸಾಲು ಆರಿಸಿ. ಅದನ್ನು ಮಾಡಿಕೊಡಿ ಎಂದು ಬೇಡಬೇಡಿ. ನಿಮ್ಮದೇ ಮಾತಿನಲ್ಲಿ ಹೀಗೆ ಹೇಳಿ: "ಸ್ವಾಮಿ, ಇದು ನಾನು ಮಾಡಿದ ಯೋಜನೆ. ಇದರಲ್ಲಿ ನಿಮಗೆ ಮೆಚ್ಚಿಗೆಯಾಗದ್ದು ಯಾವುದು ತೋರಿಸಿ. ಬಿಟ್ಟುಕೊಡಬೇಕಾದರೆ ಧೈರ್ಯ ಕೊಡಿ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಕೊಂಕಣಿಯಲ್ಲಿ ಹೇಳಿ, ತುಳುವಿನಲ್ಲಿ ಹೇಳಿ, ಮನೆಯಲ್ಲಿ ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲೇ ಹೇಳಿ.

ಯೇಸುಸಭೆ ಎಂಬ ಗುರುಗಳ ಸಂಘದ ಸ್ಥಾಪಕ ಸಂತ ಲೊಯೋಲಾದ ಇಗ್ನೇಷಿಯಸ್ ಇದಕ್ಕೆ ಒಂದು ಮನಸ್ಥಿತಿ ಬೇಕು ಎಂದರು. ಆರೋಗ್ಯವೋ ಕಾಯಿಲೆಯೋ, ಸಿರಿತನವೋ ಬಡತನವೋ, ದೇವರಿಗೆ ಹತ್ತಿರ ಒಯ್ಯುವುದು ಯಾವುದೋ ಅದನ್ನೇ ಆರಿಸುವೆ ಎಂಬ ಬಿಡುಗಡೆ. ಇದು ಒಂದೇ ದಿನಕ್ಕೆ ಬರುವುದಿಲ್ಲ. "ಎರಡೂ ನನಗೆ ಸಮ" ಎಂದು ಹೇಳಲು ಆಗದಿದ್ದರೆ ನಿಜವನ್ನೇ ಹೇಳಿ: "ಸ್ವಾಮಿ, ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಮನಸ್ಸು ಕೊಡಿ." ಅದೂ ಪೂರ್ತಿ ಪ್ರಾರ್ಥನೆಯೇ.

ಎಚ್ಚರಿಕೆ: ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರ ಎಂದು ಹಿಡಿಯಬೇಡಿ. ಸ್ಟೇಟಸ್‌ಗಳಲ್ಲಿ ಓಡಾಡುವ ವಾಕ್ಯಗಳನ್ನೂ ಅಷ್ಟೇ, ಮೂಲದಲ್ಲಿ ಓದದೆ ನಂಬಬೇಡಿ. ಎಲ್ಲರೂ ಹಂಚುವುದು ಯೆರೆಮೀಯ 29:11. ನಿಮಗಾಗಿ ನನ್ನಲ್ಲಿರುವುದು ಸುಖದ ಯೋಜನೆ, ಕೇಡಿನದ್ದಲ್ಲ ಎಂಬ ಮಾತು. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಾಕ್ಯದಲ್ಲೇ 70 ವರ್ಷ ಕಾಯಬೇಕು ಎಂದಿದೆ. ಪತ್ರ ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಊರು ಮತ್ತೆ ನೋಡಲಾರರು. ಅವರಿಗೆ ಹೇಳಿದ್ದು ಏನು? ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ. ದುಬೈಯಲ್ಲೋ ಕುವೈತ್‌ನಲ್ಲೋ ಈ ಸಲ ರಜೆ ಸಿಗದೆ ಉಳಿದವರಿಗೆ ಆ ಇಡೀ ಅಧ್ಯಾಯವನ್ನು ಕಳಿಸಿ. ಒಂಟಿ ವಾಕ್ಯಕ್ಕಿಂತ ಅದು ಜಾಸ್ತಿ ಸಮಾಧಾನ ಕೊಡುತ್ತದೆ.

ಹಂತ 4: ಖಾಲಿ ಜಾಗ ಬಿಡಿ

ದಿನವಿಡೀ ಭರ್ತಿಯಾಗಿದ್ದರೆ ದೇವರು ಏನು ಹೇಳಿದರೂ ಮಾಡಲು ಸಮಯ ಎಲ್ಲಿ? ವಾರಕ್ಕೆ ಒಂದು ಸಂಜೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಕ್ರಿಸ್ಮಸ್ ಖರ್ಚಿನಲ್ಲಿ ಒಂದು ಪಾಲನ್ನು ಯಾವುದಕ್ಕೆ ಎಂದು ಗೊತ್ತು ಮಾಡದೆ ಎತ್ತಿಡಿ. ಯಾರಿಗೆ ಬೇಕಾಗುತ್ತದೆ ಎಂಬುದು ಆ ನಾಲ್ಕು ವಾರಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ಕುಸ್ವಾರ್ ಬಿಡಿ ಎಂದು ನಾನು ಹೇಳುವುದಿಲ್ಲ. ನೆವ್ರಿ, ಕಿಡಿಯೊ, ಗುಳಿಯೊ ಮಾಡಲು ಮನೆಯವರೆಲ್ಲ ಒಟ್ಟಿಗೆ ಕೂರುವುದೇ ಒಂದು ಭಾಗ್ಯ. ಆದರೆ ಹತ್ತು ಬಗೆ ಆಗಲೇಬೇಕು ಎಂದು ಅಮ್ಮ ಒಬ್ಬರೇ ರಾತ್ರಿ ಹನ್ನೊಂದರ ತನಕ ಒಲೆಯ ಮುಂದೆ ನಿಂತಿದ್ದರೆ ಬಗೆ ಕಡಿಮೆ ಮಾಡಿ. ಇದನ್ನು ಮನೆಯ ಗಂಡಸರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ. ಅಮ್ಮನ ಕೆಲಸದಲ್ಲಿ ಅರ್ಧ ನೀವು ಹೊತ್ತುಕೊಳ್ಳಿ. ಆಗ ಅವರಿಗೂ ಕಾಲು ಗಂಟೆ ಸಿಗುತ್ತದೆ.

ಹಂತ 5: ರಾತ್ರಿ ಲೆಕ್ಕ ನೋಡಿ

ಇದಕ್ಕೆ ಆತ್ಮಶೋಧನೆ ಅನ್ನುತ್ತಾರೆ, ದಿನವನ್ನು ದೇವರ ಜೊತೆ ಕುಳಿತು ತಿರುಗಿ ನೋಡುವುದು. ಇದೂ ಇಗ್ನೇಷಿಯಸರು ಹೇಳಿಕೊಟ್ಟ ಕ್ರಮ, ಐದು ಹೆಜ್ಜೆ. ಕೃತಜ್ಞತೆ ಹೇಳುವುದು, ಬೆಳಕು ಬೇಡುವುದು, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಯನ್ನು ಒಪ್ಪಿಸುವುದು. ಮಲಗುವ ಮುಂಚೆ ಐದು ನಿಮಿಷ ಸಾಕು. ಆಗಮನ ಕಾಲದಲ್ಲಿ ಒಂದು ಪ್ರಶ್ನೆ ಸೇರಿಸಿ: ಇವತ್ತು ನನ್ನ ಯೋಜನೆಯನ್ನು ಕೆಡಿಸಿದ್ದು ಯಾರು, ಅವರಿಗೆ ನಾನು ಏನು ಉತ್ತರ ಕೊಟ್ಟೆ? ಎರಡು ಸಾಲು ಬರೆದಿಡಿ.

ಹಂತ 6: ಯೋಜನೆ ಮುರಿದಾಗ

ಮುರಿಯುತ್ತದೆ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂದು ಅಂಗಳದ ಅಡಿಕೆ ಒದ್ದೆಯಾಗಬಹುದು. ವೀಸಾ ತಡವಾಗಬಹುದು. ಮಾವನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಗಬಹುದು. ಆಗ ಮೊದಲು ಮಾಡಬೇಕಾದದ್ದು ಎದುರಿಗಿರುವ ಕರ್ತವ್ಯ. ಅರ್ಥ ಹುಡುಕುವುದು ಆಮೇಲೆ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ಹೆಚ್ಚಾಗಿ ಆಗಮನ ಕಾಲದ ಮೊದಲ ವಾರದಲ್ಲೇ ಬರುತ್ತದೆ. ಕರಾವಳಿಯ ನಮಗೆ ಹತ್ತಿರದ ಸಂತ. 1540ರಲ್ಲಿ ಭಾರತಕ್ಕೆ ಬರಬೇಕಿದ್ದವರು ಅವರಲ್ಲ. ಬೊಬಡಿಯಾ ಎಂಬ ಇನ್ನೊಬ್ಬ ಯೇಸುಸಭೆಯ ಗುರು ಬರಬೇಕಿತ್ತು. ಅವರು ಕಾಯಿಲೆ ಬಿದ್ದರು. ಇಗ್ನೇಷಿಯಸರು ಕ್ಸೇವಿಯರರನ್ನು ಕೇಳಿದರು, ಅವರು ಒಪ್ಪಿ ಹೊರಟೇಬಿಟ್ಟರು. 1542ರ ಮೇ 6ಕ್ಕೆ ಗೋವಾ ತಲುಪಿದರು. ಆದರೆ ಅವರ ಕೊನೆಯ ಯೋಜನೆ ಈಡೇರಲಿಲ್ಲ. ಚೀನಾಕ್ಕೆ ಹೋಗಬೇಕೆಂದು ಕರಾವಳಿಯ ದ್ವೀಪವೊಂದರಲ್ಲಿ ದೋಣಿಗಾಗಿ ಕಾಯುತ್ತಿರುವಾಗಲೇ 1552ರಲ್ಲಿ ತೀರಿಕೊಂಡರು. ದೇವರಿಗೆ ಒಪ್ಪಿಸಿದರೆ ಅಂದುಕೊಂಡದ್ದೆಲ್ಲ ಆಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಈ ಸಾವನ್ನು ನೆನಪಿಸಿಕೊಳ್ಳಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಮನುಷ್ಯರು ಮಾಡಿದ ಅನ್ಯಾಯವನ್ನು ದೇವರ ಯೋಜನೆ ಎಂದು ಕರೆಯಬೇಡಿ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಇವತ್ತಿಗೂ ಎತ್ತಿ ಆಡಿಸುವ ತಾಯಂದಿರಿದ್ದಾರೆ. ಅವರ ಮುಂದೆ ನಿಂತು "ಎಲ್ಲ ದೇವರ ಚಿತ್ತ" ಅನ್ನುವುದು ಕ್ರೌರ್ಯ. ಅದು ಮನುಷ್ಯರ ತೀರ್ಮಾನ, ಮನುಷ್ಯರ ಅಲಕ್ಷ್ಯ. ಅಂಥ ಮನೆಗೆ ಹೋದರೆ ದೇವರ ಬಗ್ಗೆ ವಿವರಣೆ ಕೊಡಬೇಡಿ. ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ, ತಾಯಿ ಮಲಗಲಿ. ಹಂತ 4ರಲ್ಲಿ ಎತ್ತಿಟ್ಟ ಸಂಜೆಯೂ ಹಣವೂ ಇಂಥ ಮನೆಗೆ ಹೋಗಬಹುದು, ಅಲ್ವಾ?

ಹಾಗೆಯೇ ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೊಂಡಿರುವುದು ದೇವರ ಯೋಜನೆ ಅಲ್ಲ. ಔಷಧ ನಿಲ್ಲಿಸುವುದೂ ಅಲ್ಲ.

ಹಂತ 7: ದೊಡ್ಡ ತೀರ್ಮಾನ ಇದ್ದರೆ

ಮದುವೆ, ವಿದೇಶ, ಜಾಗ ಮಾರುವುದು, ಗುರುಮಠಕ್ಕೋ ಕನ್ಯಾಮಠಕ್ಕೋ ಸೇರುವುದು. ಇವಕ್ಕೆ ಬೇಕಾದದ್ದು ವಿವೇಚನೆ. ಎರಡು ಒಳ್ಳೆಯ ದಾರಿಗಳಲ್ಲಿ ದೇವರು ಯಾವುದಕ್ಕೆ ಕರೆಯುತ್ತಿದ್ದಾರೆ ಎಂದು ಪ್ರಾರ್ಥಿಸಿ ತೂಗಿ ನೋಡುವುದು. ಹೀಗೆ ಮಾಡಿ:

ಒಂದು ವಾರ ಮೊದಲ ದಾರಿಯನ್ನೇ ಆರಿಸಿಕೊಂಡಂತೆ ಮನಸ್ಸಿನಲ್ಲಿ ಬದುಕಿ. ಮುಂದಿನ ವಾರ ಇನ್ನೊಂದನ್ನು. ಯಾವುದರಲ್ಲಿ ಶಾಂತಿ ಉಳಿಯಿತು, ಯಾವುದರಲ್ಲಿ ಮೊದಲು ಹುರುಪು ಬಂದು ಆಮೇಲೆ ಕಿರಿಕಿರಿಯಾಯಿತು ಎಂದು ನೋಟುಪುಸ್ತಕದಲ್ಲಿ ಬರೆಯಿರಿ. ಮೂರನೇ ವಾರ ಅದನ್ನು ಒಬ್ಬ ಗುರುಗಳಿಗೋ, ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರಿಗೋ ತೋರಿಸಿ. ನಾತಾನನ ಕಥೆ ಗೊತ್ತಲ್ಲ, ಹಾಗಾಗಿ ಕೂಡಲೇ ಉತ್ತರ ಹೇಳಬೇಡಿ, ಪ್ರಾರ್ಥಿಸಿ ಹೇಳಿ ಎಂದು ಅವರಲ್ಲಿ ಕೇಳಿಕೊಳ್ಳಿ. ಮನಸ್ಸು ಕುಗ್ಗಿ, ದೇವರು ದೂರ ಹೋದಂತೆ ಅನಿಸುವಾಗ ಮೊದಲು ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸರ ಕಟ್ಟುನಿಟ್ಟಿನ ನಿಯಮ. ಅದನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟುಕೊಳ್ಳಿ.

ಎಚ್ಚರಿಕೆ: ಇನ್ನೊಬ್ಬರ ಬದುಕಿಗೆ ದೇವರ ಯೋಜನೆಯನ್ನು ನೀವು ಘೋಷಿಸಬೇಡಿ. "ನೀನು ಸಿಸ್ಟರ್ ಆಗುವುದು ದೇವರ ಇಚ್ಛೆ" ಎಂದು ತಂದೆ ಹೇಳಿದರೆ ಮಗಳು ದೇವರ ಜೊತೆ ಮಾತಾಡುವ ದಾರಿಯೇ ಮುಚ್ಚಿಹೋಗುತ್ತದೆ. ಮದುವೆಯ ವಿಷಯದಲ್ಲೂ ಇದೇ. ಗಬ್ರಿಯೇಲ ದೂತನೂ ಮರಿಯಮ್ಮನ ಉತ್ತರಕ್ಕೆ ಕಾದ.

ನಾಲ್ಕು ವಾರಗಳಲ್ಲಿ ಉತ್ತರ ಸಿಗದೆ ಹೋದರೆ? ಸಿಗದಿರಬಹುದು. ತೀರ್ಮಾನ ಮುಂದೂಡಲು ಆಗುತ್ತದಾದರೆ ಮುಂದೂಡಿ. ಆಗದಿದ್ದರೆ ನಿಮ್ಮ ಬುದ್ಧಿಗೆ ಸರಿ ಕಂಡದ್ದನ್ನು ಮಾಡಿ, ಯಾಕೋಬನ ಪತ್ರದಲ್ಲಿರುವಂತೆ (4:13-15) "ದೇವರ ಚಿತ್ತವಿದ್ದರೆ" ಎಂದು ಸೇರಿಸಿ. ದೇವರು ಕೊಟ್ಟ ಬುದ್ಧಿಯನ್ನು ಬಳಸುವುದೂ ವಿಧೇಯತೆಯೇ.

ಹಂತ 8: ಡಿಸೆಂಬರ್ 17ರ ಮುಂಚೆ ಮತ್ತು ನಂತರ

ಪಾಪನಿವೇದನೆಯನ್ನು 24ರ ಸಂಜೆಗೆ ಇಡಬೇಡಿ, ಸಾಲು ಉದ್ದ ಇರುತ್ತದೆ, ಗುರುಗಳೂ ದಣಿದಿರುತ್ತಾರೆ. 17ರ ಮುಂಚೆಯೇ ಹೋಗಿ ಬನ್ನಿ. ಹೋಗುವಾಗ ಹಂತ 5ರ ಬರಹ ಒಮ್ಮೆ ಓದಿಕೊಳ್ಳಿ, ಏನು ಹೇಳಬೇಕು ಎಂದು ಹುಡುಕಬೇಕಾಗುವುದಿಲ್ಲ.

ಆಮೇಲೆ ಮನೆಯವರೆಲ್ಲ ಒಂದು ಸಂಜೆ ಹಳೆಯ ಪಟ್ಟಿಯನ್ನು ತೆರೆಯಿರಿ. ಯಾವ ಸಾಲು ಉಳಿಯಿತು, ಯಾವುದನ್ನು ಅಳಿಸಿದಿರಿ, ಯಾವುದಕ್ಕೆ ಇನ್ನೂ ಕಾಯುತ್ತೀರಿ ಎಂದು ಪರಸ್ಪರ ಹೇಳಿ. ಅಳಿಸಿದ್ದರಿಂದ ಬೇರೆಯವರಿಗೆ ತೊಂದರೆ ಆಗುವುದಾದರೆ ಈಗಲೇ ತಿಳಿಸಿ. ಹಾಲ್‌ನವರಿಗೆ ಹೇಳಬೇಕಿದ್ದರೆ ಹೇಳಿ, ಟಿಕೆಟ್ ಬದಲಿಸಬೇಕಿದ್ದರೆ ಬದಲಿಸಿ. ಜಾಗದ ತಕರಾರು ಇರುವ ತಮ್ಮನಿಗೆ ಫೋನ್ ಮಾಡುವುದಿದ್ದರೆ ಕ್ರಿಸ್ಮಸ್ ದಿನದ ಗಡಿಬಿಡಿಗೆ ಬಿಡಬೇಡಿ. 24ಕ್ಕೆ ಮುಂಚೆಯೇ ಮಾಡಿ, ಊಟಕ್ಕೆ ಕರೆಯಿರಿ.